ಬನ್ನಿನ ಲೆಕ್ಕದಿಂದ ಹುಟ್ಟಿದ ಪಾಠ

ಎಂಬಿಎ ಇರಲಿ, ಬಿಬಿಎ ಇರಲಿ, ಎಂಐಎಸ್ ಪತ್ರಿಕೆಯಲ್ಲಿ ಪಿರಮಿಡ್ ಬರೆಯದೆ ಪಾಸಾದವರು ಕಡಿಮೆ. ತಳದಲ್ಲಿ ದಿನನಿತ್ಯದ ವ್ಯವಹಾರ, ನಡುವೆ ನಿಯಂತ್ರಣ, ತುದಿಯಲ್ಲಿ ಮೇಲಿನವರ ಯೋಜನೆ. ಒಂದೊಂದು ಪದರಕ್ಕೂ ಒಂದೊಂದು ಬಗೆಯ ವರದಿ. ಹಾರ್ವರ್ಡಿನ ರಾಬರ್ಟ್ ಆಂಟನಿ 1965ರಲ್ಲಿ ಆಡಳಿತದ ಕೆಲಸವನ್ನು ಮೂರು ಪದರವಾಗಿ ಬಿಡಿಸಿ ಬರೆದದ್ದು ನಮ್ಮ ಹುಡುಗರ ನೋಟ್ಸಿನಲ್ಲಿ ತ್ರಿಕೋನವಾಗಿ ನಿಂತುಬಿಟ್ಟಿದೆ. ಅದನ್ನು ನೋಡಿದರೆ ‘ಮ್ಯಾನೇಜ್‌ಮೆಂಟ್ ಇನ್ಫರ್ಮೇಶನ್ ಸಿಸ್ಟಮ್ಸ್’ ಎಂಬ ವಿಷಯ ಯಾವುದೋ ಪ್ರಾಧ್ಯಾಪಕರ ತಲೆಯಲ್ಲಿ ಮೂಡಿ, ಆಮೇಲೆ ಕಚೇರಿಗಳಿಗೆ ಇಳಿಯಿತೇನೋ ಅನ್ನಿಸುತ್ತದೆ. ಬ್ರಿಟನ್ನಿನ ಮಟ್ಟಿಗಂತೂ ನಡೆದದ್ದು ತಿರುಗಾಮುರುಗಾ. ಚಹಾ, ಬ್ರೆಡ್ಡು, ಕೇಕು ಮಾರುತ್ತಿದ್ದ ಕಂಪನಿಯೊಂದರ ಲೆಕ್ಕದ ಕೋಣೆಯಲ್ಲಿ ಇದು ಹುಟ್ಟಿತು. ವಿಶ್ವವಿದ್ಯಾಲಯದ ಬಾಗಿಲು ತಲುಪಲು ಅದಕ್ಕೆ ಹದಿನಾರು ವರ್ಷ ಹಿಡಿಯಿತು.

ಕಂಪನಿಯ ಹೆಸರು ಜೆ. ಲಯನ್ಸ್. 1894ರಲ್ಲಿ ಲಂಡನ್ನಿನ ಪಿಕಡಿಲಿಯಲ್ಲಿ ಮೊದಲ ಚಹಾದಂಗಡಿ ತೆರೆದ ಸಂಸ್ಥೆ. ಎರಡನೇ ಮಹಾಯುದ್ಧದ ಹೊತ್ತಿಗೆ ಇನ್ನೂರರ ಆಸುಪಾಸು ಅಂಗಡಿಗಳು, ‘ಕಾರ್ನರ್ ಹೌಸ್’ ಎಂಬ ಭಾರೀ ಹೋಟೆಲುಗಳು, ಹ್ಯಾಮರ್‌ಸ್ಮಿತ್‌ನ ಕ್ಯಾಡ್ಬಿ ಹಾಲ್‌ನಲ್ಲಿ ದೊಡ್ಡ ಬೇಕರಿ ಅದಕ್ಕಿದ್ದವು.  ಒಂದು ಕಪ್ ಚಹಾಕ್ಕೂ ಒಂದು ಬನ್ನಿಗೂ ಸಿಗುವ ಲಾಭ ಪೆನ್ನಿಯ ಚೂರು, ಬಿಲ್ಲುಗಳೋ ಲೆಕ್ಕವಿಲ್ಲದಷ್ಟು. ಬಂದ ಲಾಭವನ್ನು ಲೆಕ್ಕ ಬರೆಯುವ ಖರ್ಚೇ ನುಂಗುವ ವ್ಯಾಪಾರ ಅದು. ಹಾಗಾಗಿ ಕಂಪನಿ 1923ರಲ್ಲಿ ಜಾನ್ ಸಿಮನ್ಸ್ ಎಂಬ ಕೇಂಬ್ರಿಡ್ಜಿನ ಗಣಿತದ ಪದವೀಧರನನ್ನು ಗುಮಾಸ್ತರ ಕೆಲಸ ಸುಧಾರಿಸಲೆಂದೇ ಸೇರಿಸಿಕೊಂಡಿತು. 1930ರ ದಶಕದ ಮೊದಲಲ್ಲಿ ‘ಸಿಸ್ಟಮ್ಸ್ ರಿಸರ್ಚ್’ ಕಚೇರಿ ಶುರುವಾಯಿತು. ಯಾವ ಕಾಗದ ಎಲ್ಲಿಂದ ಹೊರಟು ಯಾರ ಮೇಜಿಗೆ ಹೋಗುತ್ತದೆ, ಅವರು ಅದನ್ನು ಓದುತ್ತಾರೋ ಸುಮ್ಮನೆ ಕಟ್ಟಿಡುತ್ತಾರೋ, ಓದಿ ಏನು ಮಾಡುತ್ತಾರೆ ಎಂದು ಕೆದಕುವುದು ಅದರ ಕೆಲಸ. ಕಂಪ್ಯೂಟರ್ ಎಂಬುದು ಆಗಿನ್ನೂ ಹುಟ್ಟಿರಲಿಲ್ಲ ಅನ್ನುವುದನ್ನು ಇಲ್ಲಿ ನೆನಪಿಡಬೇಕು.

ಯುದ್ಧ ಮುಗಿಯಿತು. 1947ರಲ್ಲಿ ಲಯನ್ಸ್ ತನ್ನ ಇಬ್ಬರು ಅಧಿಕಾರಿಗಳನ್ನು, ಥಾಮಸ್ ಥಾಂಪ್ಸನ್ ಮತ್ತು ಆಲಿವರ್ ಸ್ಟ್ಯಾಂಡಿಂಗ್‌ಫರ್ಡ್ ಅವರನ್ನು, ಕಚೇರಿ ಕೆಲಸದಲ್ಲಿ ಹೊಸತೇನಿದೆ ನೋಡಿ ಬನ್ನಿ ಎಂದು ಅಮೆರಿಕಕ್ಕೆ ಕಳಿಸಿತು. ಕಚೇರಿಗಳಲ್ಲಿ ಅವರಿಗೆ ಕಲಿಯುವಂಥದ್ದು ಹೆಚ್ಚೇನೂ ಸಿಗಲಿಲ್ಲ. ಪ್ರಿನ್ಸ್‌ಟನ್ನಿನಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಸಿಕ್ಕರು. ಫಿರಂಗಿ ಗುಂಡಿನ ಹಾದಿ ಲೆಕ್ಕಹಾಕಲು ಕಟ್ಟಿದ ಎನಿಯಾಕ್ ಯಂತ್ರದ ಹಿಂದಿದ್ದವರಲ್ಲಿ ಒಬ್ಬರು. ಅಂಥ ಯಂತ್ರದಿಂದ ಸಂಬಳದ ಪಟ್ಟಿ, ಬೇಕರಿ ಲೆಕ್ಕ ಮಾಡಿಸಬಹುದೇ ಎಂದು ಇವರು ವಿಚಾರಿಸಿದಾಗ ಅವರಿಗೂ ಆಸಕ್ತಿ ಕೆರಳಿತು. ನಿಮ್ಮ ಕೇಂಬ್ರಿಡ್ಜಿನಲ್ಲೇ ಮಾರಿಸ್ ವಿಲ್ಕ್ಸ್ ಎಂಬವರು ಇಂಥದ್ದನ್ನು ಕಟ್ಟುತ್ತಿದ್ದಾರೆ ಎಂದು ತಿಳಿಸಿದರು. ಲಂಡನ್ನಿನಿಂದ ಬೆಳಿಗ್ಗೆ ರೈಲು ಹತ್ತಿ ಸಂಜೆಗೆ ಮರಳಬಹುದಾದ ಊರಿನ ಸಂಗತಿ ತಿಳಿಯಲು ಅಟ್ಲಾಂಟಿಕ್ ದಾಟಬೇಕಾಯಿತು. ಕಂಪನಿ ಕೇಂಬ್ರಿಡ್ಜಿಗೆ ಸುಮಾರು 3,000 ಪೌಂಡ್ ಹಣವನ್ನೂ ಒಬ್ಬ ತಂತ್ರಜ್ಞನನ್ನೂ ಕೊಟ್ಟಿತು. ಅಲ್ಲಿನ ಎಡ್ಸಾಕ್ ಯಂತ್ರ 1949ರ ಮೇ ತಿಂಗಳಲ್ಲಿ ಮೊದಲ ಲೆಕ್ಕ ಮಾಡಿದ್ದೇ ತಡ, ಅದೇ ಮಾದರಿಯಲ್ಲಿ ತನ್ನದೇ ಯಂತ್ರ ಕಟ್ಟಲು ಲಯನ್ಸ್ ಹೊರಟಿತು. ಎಂಜಿನಿಯರ್ ಜಾನ್ ಪಿಂಕರ್ಟನ್ ಸುಮಾರು ಆರು ಸಾವಿರ ವಾಲ್ವ್‌ಗಳನ್ನು ಜೋಡಿಸಿದರು. ಪಾದರಸ ತುಂಬಿದ ಕೊಳವೆಗಳೇ ಅದರ ನೆನಪಿನ ಕೋಶ. ಹೆಸರು ಲಿಯೋ, ಅಂದರೆ ಲಯನ್ಸ್ ಎಲೆಕ್ಟ್ರಾನಿಕ್ ಆಫೀಸ್. 1951ರ ನವೆಂಬರ್ ಕೊನೆಯಲ್ಲಿ ಅದು ಬೇಕರಿಗಳಿಂದ ಹೊರಟ ಬ್ರೆಡ್ಡು, ಕೇಕುಗಳ ಬೆಲೆಗಟ್ಟುವ ಕೆಲಸವನ್ನು ಪೂರ್ತಿ ವಹಿಸಿಕೊಂಡಿತು. ವ್ಯಾಪಾರದ ದಿನನಿತ್ಯದ ಕೆಲಸಕ್ಕೆ ಕಂಪ್ಯೂಟರ್ ಕುಳಿತದ್ದು ಜಗತ್ತಿನಲ್ಲಿ ಅದೇ ಮೊದಲು ಎಂದು ಇತಿಹಾಸಕಾರರು ಬರೆಯುತ್ತಾರೆ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು 1954ರಲ್ಲಿ ಶುರುವಾದ ಇನ್ನೊಂದು ಕೆಲಸ: ಚಹಾದಂಗಡಿಗಳ ಆರ್ಡರ್. ನಾಳೆಗೆ ಎಷ್ಟು ಬ್ರೆಡ್ಡು, ಎಷ್ಟು ಪೈ, ಎಷ್ಟು ಕೇಕು ಬೇಕೆಂದು ಪ್ರತಿ ಅಂಗಡಿಯ ಮೇಲ್ವಿಚಾರಕಿ ದಿನವೂ ಪಟ್ಟಿ ಬರೆದು ಕಳಿಸುವುದು ರೂಢಿ. ಈ ಪಟ್ಟಿಗಳನ್ನೇ ಯಂತ್ರಕ್ಕೆ ಉಣಿಸಿದ್ದರೆ ‘ಕಂಪ್ಯೂಟರೀಕರಣ’ ಆಯಿತೆಂದು ಫಲಕ ತೂಗುಹಾಕಬಹುದಿತ್ತು. ನಮ್ಮ ಎಷ್ಟೋ ಕಚೇರಿಗಳಲ್ಲಿ ಆದದ್ದು ಅಷ್ಟೇ. ಲಯನ್ಸಿನ ಡೇವಿಡ್ ಕ್ಯಾಮಿನರ್ ಹಾಗೆ ಮಾಡಲಿಲ್ಲ. ಒಂದು ಅಂಗಡಿ ಸೋಮವಾರ ಕೇಳುವುದು ಹೋದ ಸೋಮವಾರ ಕೇಳಿದ್ದನ್ನೇ, ಒಂದಿಷ್ಟು ಹೆಚ್ಚುಕಡಿಮೆ. ಹಾಗಾದರೆ ವಾರದ ಒಂದೊಂದು ದಿನಕ್ಕೂ ಕಾಯಂ ಆರ್ಡರ್ ಒಂದನ್ನು ಯಂತ್ರದ ಬಳಿ ಇಡೋಣ. ಬದಲಾವಣೆ ಇದ್ದರೆ ಅದನ್ನಷ್ಟೇ ಕೇಳೋಣ. ಗೊತ್ತುಮಾಡಿದ ಹೊತ್ತಿಗೆ ಮುಖ್ಯ ಕಚೇರಿಯ ಹುಡುಗಿ ಕಿವಿಗೆ ಹೆಡ್‌ಫೋನ್ ಹಾಕಿ ಅಂಗಡಿಗೆ ಫೋನ್ ಮಾಡುತ್ತಾಳೆ. ಮೇಲ್ವಿಚಾರಕಿ ತನ್ನ ಬಳಿಯ ಪ್ರತಿ ನೋಡಿಕೊಂಡು ವ್ಯತ್ಯಾಸ ಹೇಳುತ್ತಾಳೆ. ಹುಡುಗಿ ಕೇಳುತ್ತಲೇ ಯಂತ್ರ ಓದುವ ಕಾರ್ಡಿಗೆ ತೂತು ಹೊಡೆಯುತ್ತಾಳೆ. ಬೇಕರಿ ಎಷ್ಟು ಸುಡಬೇಕು, ಯಾವ ವ್ಯಾನಿಗೆ ಏನು ತುಂಬಬೇಕು ಎಂಬ ಪಟ್ಟಿ ಯಂತ್ರದಿಂದ ಹೊರಬರುತ್ತದೆ. ಅಂಗಡಿಯಾಕೆಗೆ ಉಳಿದದ್ದು ಎರಡು ನಿಮಿಷದ ಮಾತು. ಇಲ್ಲಿ ಯಂತ್ರಕ್ಕಿಂತ ಮೊದಲು ಕೆಲಸವೇ ಬದಲಾಯಿತು. ಎಂಐಎಸ್ ಎಂಬ ವಿಷಯದಲ್ಲಿ ಕಲಿಯಬೇಕಾದ್ದು ಏನಾದರೂ ಇದ್ದರೆ ಅದು ಇಷ್ಟೇ ಎಂದು ನಾನು ನಂಬಿದ್ದೇನೆ. ಉಳಿದದ್ದಕ್ಕೆ ಕಂಪ್ಯೂಟರ್ ಸೈನ್ಸ್ ವಿಭಾಗ ಇದೆ.

ಈ ಕೆಲಸ ಕಲಿಸುವ ಶಾಲೆ ಆಗ ಎಲ್ಲೂ ಇರಲಿಲ್ಲ. ಕಂಪನಿಯೇ ಶಾಲೆ ನಡೆಸಿತು. ಕಚೇರಿಯ ಯಾವ ವಿಭಾಗದವರು ಬೇಕಾದರೂ ಅರ್ಜಿ ಹಾಕಿ ಲಿಯೋ ತರಬೇತಿಗೆ ಕೂರಬಹುದಿತ್ತು, ಕೊನೆಗೆ ಪರೀಕ್ಷೆ. 1952ರಲ್ಲಿ ಹೀಗೆ ಆಯ್ಕೆಯಾದ ಮೇರಿ ಕೂಂಬ್ಸ್ ಓದಿದ್ದು ಫ್ರೆಂಚ್ ಭಾಷೆ. ವ್ಯಾಪಾರದ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದ ಮೊದಲ ಮಹಿಳೆ ಎಂದು ಆಕೆಯ ಹೆಸರು ದಾಖಲಾಗಿದೆ. ಆಕೆ ದುಡಿದ ಸಂಬಳ ಪಟ್ಟಿಯ ಕೆಲಸದಲ್ಲಿ, ಪಳಗಿದ ಗುಮಾಸ್ತನೊಬ್ಬ ಒಬ್ಬ ನೌಕರನ ಸಂಬಳ ಕಟ್ಟಲು ಎಂಟು ನಿಮಿಷ ತೆಗೆದುಕೊಳ್ಳುತ್ತಿದ್ದರೆ ಲಿಯೋಗೆ ಒಂದೂವರೆ ಸೆಕೆಂಡು ಸಾಕಾಯಿತು. ಫೋರ್ಡ್ ಕಾರು ಕಂಪನಿಯೂ ತನ್ನ ನೌಕರರ ಸಂಬಳದ ಲೆಕ್ಕವನ್ನು ಚಹಾದಂಗಡಿಯವರಿಗೆ ಗುತ್ತಿಗೆ ಕೊಟ್ಟಿತು.

1952ರಲ್ಲೇ ಲಯನ್ಸಿಗೆ ಸೇರಿದ ಇನ್ನೊಬ್ಬ ತರುಣ ಫ್ರಾಂಕ್ ಲ್ಯಾಂಡ್. 1928ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ, ನಾತ್ಸಿಗಳಿಂದ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡಿಗೆ ಬಂದ ಕುಟುಂಬದ ಹುಡುಗ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅರ್ಥಶಾಸ್ತ್ರ ಓದಿದವರು. ಅವಳಿ ಸಹೋದರ ರಾಲ್ಫ್ ಕೂಡ ಮುಂದೆ ಲಿಯೋದಲ್ಲೇ ದುಡಿದರು. ಹದಿನೈದು ವರ್ಷ ಅಂಗಡಿ, ಬೇಕರಿ, ಬೇರೆ ಬೇರೆ ಕಂಪನಿಗಳ ಲೆಕ್ಕ ಬಿಡಿಸಿದ ಮೇಲೆ 1967ರಲ್ಲಿ ಅವರಿಗೆ ತಾವು ಓದಿದ ಸಂಸ್ಥೆಯಿಂದಲೇ ಕರೆ ಬಂತು. ಬ್ರಿಟನ್ನಿನ ನ್ಯಾಷನಲ್ ಕಂಪ್ಯೂಟಿಂಗ್ ಸೆಂಟರ್ ಹಣ ಕೊಟ್ಟಿತ್ತು, ‘ಸಿಸ್ಟಮ್ಸ್ ಅನಾಲಿಸಿಸ್’ ಕಲಿಸಬೇಕು. ಪಠ್ಯಪುಸ್ತಕ ಇಲ್ಲ, ಸಿಲಬಸ್ ಇಲ್ಲ. ಇದ್ದದ್ದು ಕ್ಯಾಡ್ಬಿ ಹಾಲ್‌ನ ಅನುಭವ. ಎರಡು ವರ್ಷ ಕಳೆದು ಅಲ್ಲಿಗೆ ಪ್ರಾಧ್ಯಾಪಕರಾಗಿ ಬಂದ ಸ್ಯಾಂಡಿ ಡಗ್ಲಸ್ ಕೂಡ ಪುಸ್ತಕದ ಹುಳುವಲ್ಲ. 1952ರಲ್ಲೇ ಎಡ್ಸಾಕ್ ಯಂತ್ರದಲ್ಲಿ ಸೊನ್ನೆ-ಗುಣಾಕಾರದ ಆಟ ಆಡಿಸಿದ್ದವರು. ಮ್ಯಾಂಚೆಸ್ಟರ್‌ನಲ್ಲಿ ಎನಿಡ್ ಮಂಫರ್ಡ್, ಹೊಸ ವ್ಯವಸ್ಥೆ ಕಟ್ಟುವಾಗ ಅದರಲ್ಲಿ ದುಡಿಯಬೇಕಾದ ಗುಮಾಸ್ತರನ್ನೇ ಕೂರಿಸಿಕೊಂಡು ಕಟ್ಟಬೇಕು ಎಂದು ವಾದಿಸಿ, ಮಾಡಿಯೂ ತೋರಿಸಿದರು.

ಅತ್ತ ಅಮೆರಿಕದಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಗಾರ್ಡನ್ ಡೇವಿಸ್ ಲೆಕ್ಕಪರಿಶೋಧನೆಯ ಕಡೆಯಿಂದ ಇದೇ ಜಾಗಕ್ಕೆ ಬಂದಿದ್ದರು. 1968ರ ಹೊತ್ತಿಗೆ ಅಲ್ಲಿ ಎಂಐಎಸ್‌ನಲ್ಲಿ ಪಿಎಚ್.ಡಿ. ಮಾಡುವ ವ್ಯವಸ್ಥೆಯೂ ಕಂಪನಿಗಳ ಜತೆ ನಂಟಿರುವ ಸಂಶೋಧನಾ ಕೇಂದ್ರವೂ ತಲೆಯೆತ್ತಿದವು. 1974ರಲ್ಲಿ ಅವರ ಪಠ್ಯಪುಸ್ತಕ ಬಂತು, 1977ರಲ್ಲಿ ‘ಎಂಐಎಸ್ ಕ್ವಾರ್ಟರ್ಲಿ’ ನಿಯತಕಾಲಿಕ. ಸ್ವೀಡನ್ನಿನ ಬೋರ್ಯೆ ಲಾಂಗೆಫೋರ್ಸ್ ಸಾಬ್ ವಿಮಾನ ಕಂಪನಿಯಿಂದ ಬಂದು ಪ್ರಾಧ್ಯಾಪಕರಾದವರು. ಒಂದೇ ಅಂಕಿ ಒಬ್ಬನಿಗೆ ಮಾಹಿತಿ, ಇನ್ನೊಬ್ಬನಿಗೆ ಬರಿಯ ಅಂಕಿ. ಓದುವವನಿಗೆ ಮೊದಲೇ ಏನು ಗೊತ್ತು, ಓದಲು ಎಷ್ಟು ಹೊತ್ತಿದೆ ಅನ್ನುವುದರ ಮೇಲೆ ಅದು ನಿಂತಿದೆ ಎಂದು ಅವರು ಸೂತ್ರವನ್ನೇ ಬರೆದರು. ಸಿಮನ್ಸರ ಗುಮಾಸ್ತರಿಗೆ ಇದು ಸೂತ್ರವಿಲ್ಲದೆಯೂ ಗೊತ್ತಿತ್ತು.

ಮನೆ ಕಟ್ಟುತ್ತಿರುವಾಗಲೇ ಜಗಳವೂ ಶುರುವಾಗಿತ್ತು. ಮ್ಯಾನೇಜರಿಗೆ ಮಾಹಿತಿ ಸಾಲದು, ಯಂತ್ರ ಅದನ್ನು ಒದಗಿಸುತ್ತದೆ ಎಂಬುದು ಈ ವಿಷಯದ ಮೂಲ ನಂಬಿಕೆ ತಾನೇ? 1967ರಲ್ಲಿ ರಸೆಲ್ ಅಕಾಫ್ ಅದನ್ನೇ ಹಿಡಿದು ಅಲ್ಲಾಡಿಸಿದರು: ಮ್ಯಾನೇಜರ್ ಬಳಲುತ್ತಿರುವುದು ಮಾಹಿತಿಯ ಬರದಿಂದಲ್ಲ, ಬೇಡದ ಮಾಹಿತಿಯ ನೆರೆಯಿಂದ. ವಾಟ್ಸಾಪ್ ಗುಂಪಿನಲ್ಲಿರುವ ಯಾವ ಅಧಿಕಾರಿಯನ್ನು ಬೇಕಾದರೂ ಕೇಳಿ ನೋಡಿ. 1972ರಲ್ಲಿ ಜಾನ್ ಡಿಯರ್ಡನ್ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ದಲ್ಲಿ, ಇಡೀ ಕಂಪನಿಗೆ ಒಂದೇ ಎಂಐಎಸ್ ಎಂಬುದು ಬಿಸಿಲ್ಗುದುರೆ ಎಂದು ಬರೆದರು. 1980ರಲ್ಲಿ ಈ ವಿಷಯದವರ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಫಿಲಡೆಲ್ಫಿಯಾದಲ್ಲಿ ನಡೆದಾಗ ಪೀಟರ್ ಕೀನ್ ಎತ್ತಿದ ಪ್ರಶ್ನೆಯೂ ಮುಜುಗರದ್ದೇ: ನಾವು ಕಲಿಸುತ್ತಿರುವುದು ಯಾವ ಶಾಸ್ತ್ರ? ಅರ್ಥಶಾಸ್ತ್ರವೇ, ಮನಶ್ಶಾಸ್ತ್ರವೇ, ಎಂಜಿನಿಯರಿಂಗೇ? ಆ ಪ್ರಶ್ನೆ ಇವತ್ತಿಗೂ ಇತ್ಯರ್ಥವಾಗಿಲ್ಲ. ಕೆಲವು ಕಡೆ ಎಂಐಎಸ್ ವಾಣಿಜ್ಯ ವಿಭಾಗದಲ್ಲಿದೆ, ಕೆಲವು ಕಡೆ ಕಂಪ್ಯೂಟರ್ ವಿಭಾಗದಲ್ಲಿದೆ. ಎರಡು ಕಡೆಯೂ ಮಲಮಗುವಿನ ಪಾಡು.

ಹೊಸ ಬೋರ್ಡು

1990ರ ದಶಕದ ಕೊನೆಗೆ ಎಂಐಎಸ್ ಎಂಬ ಈ ಮಗುವಿಗೆ ದಿಢೀರನೆ ಹೊಸ ಅಂಗಿ ಬಂತು. 1997ರಲ್ಲಿ ಐಬಿಎಂ ‘ಇ-ಬಿಸಿನೆಸ್’ ಎಂಬ ಹೆಸರಿನಲ್ಲಿ ಭಾರೀ ಜಾಹೀರಾತು ನಡೆಸಿತು. ನೋಡುನೋಡುತ್ತ ಆ ಹೆಸರಿನ ಡಿಪ್ಲೊಮಾ, ಎಂ.ಎಸ್‌ಸಿ., ಎಂಬಿಎಗಳು ದೇಶದೇಶಗಳಲ್ಲಿ ಹುಟ್ಟಿದವು. ಸಂಗತಿ ಮಾತ್ರ ಹೊಸತಲ್ಲ. 1948-49ರಲ್ಲಿ ಬರ್ಲಿನ್ ನಗರಕ್ಕೆ ವಿಮಾನದಲ್ಲಿ ಆಹಾರ, ಕಲ್ಲಿದ್ದಲು ಸಾಗಿಸುವಾಗ ಎಡ್ ಗಿಲ್ಬರ್ಟ್ ಎಂಬ ಅಮೆರಿಕದ ಸೇನಾಧಿಕಾರಿ, ಬಗೆಬಗೆಯ ಭಾಷೆ-ನಮೂನೆಗಳ ಸರಕುಪಟ್ಟಿಯ ಕಾಟ ತಾಳಲಾರದೆ ಟೆಲೆಕ್ಸ್, ರೇಡಿಯೋ, ಫೋನ್ ಯಾವುದರಲ್ಲಾದರೂ ಕಳಿಸಬಹುದಾದ ಒಂದೇ ನಮೂನೆ ಮಾಡಿದ್ದರು. ಕಂಪನಿಗಳು ಖರೀದಿ ಪತ್ರ, ಬಿಲ್ಲುಗಳನ್ನು ತಂತಿಯ ಮೇಲೆ ವಿನಿಮಯ ಮಾಡಿಕೊಳ್ಳುವ ಪದ್ಧತಿಗೆ ಬುಡ ಅಲ್ಲಿದೆ. 1984ರಲ್ಲಿ ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ ಜೇನ್ ಸ್ನೋಬಾಲ್ ಎಂಬ 72 ವರ್ಷದ ಅಜ್ಜಿ, ಮನೆಯ ಟೀವಿಯ ರಿಮೋಟ್ ಒತ್ತಿ ಟೆಸ್ಕೊ ಅಂಗಡಿಯಿಂದ ಮಾರ್ಗರೀನ್, ಕಾರ್ನ್‌ಫ್ಲೇಕ್ಸ್, ಮೊಟ್ಟೆ ತರಿಸಿಕೊಂಡಿದ್ದರು. ಮೈಕೆಲ್ ಆಲ್ಡ್ರಿಚ್ ರೂಪಿಸಿದ ವ್ಯವಸ್ಥೆ. ವಯಸ್ಸಾದವರ ಅನುಕೂಲಕ್ಕೆಂದು ನಗರಸಭೆ ಒದಗಿಸಿದ್ದು. ಹಣ ಮಾತ್ರ ಬಾಗಿಲಲ್ಲಿ ನಗದು.

ಅಂಗಿ ಬೇಗ ಹರಿಯಿತು. 2000ದ ಮಾರ್ಚಿನಲ್ಲಿ ತುದಿ ಮುಟ್ಟಿದ ಅಮೆರಿಕದ ನಾಸ್ಡಾಕ್ ಸೂಚ್ಯಂಕ ಕುಸಿಯಿತು, ಡಾಟ್‌ಕಾಮ್‌ಗಳು ಮುಚ್ಚಿದವು, ಬಿಸಿನೆಸ್ ಸ್ಕೂಲುಗಳಲ್ಲಿ ಎಂಐಎಸ್ ಕಡೆಗೆ ಬರುವವರೇ ಕಡಿಮೆಯಾದರು. 2003ರಲ್ಲಿ ನಿಕೊಲಸ್ ಕಾರ್ ‘ಐಟಿಗೆ ಮಹತ್ವವಿಲ್ಲ’ ಎಂಬ ತಲೆಬರಹದಲ್ಲೇ ಲೇಖನ ಬರೆದರು: ವಿದ್ಯುತ್ತಿನ ಹಾಗೆ ಎಲ್ಲರಿಗೂ ಸಿಗುವುದಾದರೆ ಅದರಿಂದ ಯಾರಿಗೆ ಏನು ಮೇಲುಗೈ? ಲಿಯೋ ಅನುಭವದಿಂದ ನೋಡಿದರೆ ಉತ್ತರ ಕಷ್ಟವಲ್ಲ. ಯಂತ್ರ ಎಲ್ಲರಿಗೂ ಸಿಕ್ಕೀತು, ಕಾಯಂ ಆರ್ಡರಿನ ಉಪಾಯ ಯಂತ್ರದ ಜತೆ ಬರುವುದಿಲ್ಲ. ಆದರೆ ಆ ಹೊತ್ತಿಗೆ ಇ-ಬಿಸಿನೆಸ್ ತರಗತಿಗಳಲ್ಲಿ ಹೇಳಿಕೊಡುತ್ತಿದ್ದದ್ದು ವೆಬ್‌ಸೈಟ್ ಮಾಡುವುದು, ಬಿಟುಬಿ-ಬಿಟುಸಿ ಎಂದು ವಿಂಗಡಿಸುವುದು, ಅಮೆಜಾನಿನ ಕಥೆ. ಅಂಗಡಿಯ ಹಿಂದಿನ ಕೋಣೆಗೆ ಯಾರೂ ಹೋಗುತ್ತಿರಲಿಲ್ಲ.

ಹಿಂದಿನ ಕೋಣೆಗೆ ಹೋದವರು ಎಲ್ಲಿದ್ದರು? ಕೆಲವರು ಬೆಂಗಳೂರಿನಲ್ಲೇ ಇದ್ದರು. 1999ರಲ್ಲಿ ಇಲ್ಲಿ ಶುರುವಾದ ಫ್ಯಾಬ್‌ಮಾರ್ಟ್ ಎಂಬ ಆನ್‌ಲೈನ್ ಅಂಗಡಿ ಮೊದಲು ಮಾರಿದ್ದು ಸಂಗೀತದ ಸಿಡಿ. ಡಯಲ್-ಅಪ್ ಇಂಟರ್‌ನೆಟ್ ಕಿರಗುಡುತ್ತಿದ್ದ ಕಾಲ. ಅದನ್ನು ಕಟ್ಟಿದವರಲ್ಲಿ ಕೆಲವರು ನಡುವೆ ನಿಜವಾದ ದಿನಸಿ ಅಂಗಡಿಗಳನ್ನೇ ನಡೆಸಿ ಪಾಠ ಕಲಿತು, 2011ರಲ್ಲಿ ಬಿಗ್‌ಬಾಸ್ಕೆಟ್ ತೆರೆದರು. 2006ರ ರೆಡ್‌ಬಸ್ ಎಂಬ ಬಸ್ ಟಿಕೆಟ್ ತಾಣ ಇನ್ನೂ ಸೊಗಸಾದ ಉದಾಹರಣೆ. ದೀಪಾವಳಿಗೆ ಊರಿಗೆ ಹೋಗಲು ಬಸ್ಸಿನ ಟಿಕೆಟ್ ಸಿಗದೆ ಅಲೆದ ಫಣೀಂದ್ರ ಸಾಮ ಎಂಬ ಎಂಜಿನಿಯರ್ ಗಮನಿಸಿದ್ದು ಇಷ್ಟು: ಸೀಟಿನ ಚಾರ್ಟು ಬಸ್ ಮಾಲೀಕನ ಬಳಿ, ಟಿಕೆಟ್ ಕೇಳುವವನು ಏಜೆಂಟನ ಬಳಿ, ನಡುವೆ ಒಂದು ಫೋನ್. ಒಬ್ಬ ಏಜೆಂಟನಿಗೆ ಗೊತ್ತಿರುವುದು ತನ್ನ ನಾಲ್ಕೈದು ಬಸ್ಸುಗಳ ಸಂಗತಿ ಮಾತ್ರ. ಇಲ್ಲಿ ಟಿಕೆಟ್ ಇಲ್ಲ ಎಂದು ಜನ ವಾಪಸು ಹೋಗುತ್ತಿದ್ದರೆ ಅಲ್ಲಿ ಖಾಲಿ ಸೀಟಿನ ಬಸ್ಸು ಹೊರಡುತ್ತಿತ್ತು. ಸೀಟಿನ ಚಾರ್ಟನ್ನು ಎಲ್ಲ ಏಜೆಂಟರೂ ಒಟ್ಟಿಗೆ ನೋಡುವಂತೆ ಮಾಡಿದ್ದೇ ಆ ವ್ಯಾಪಾರದ ಜೀವ. ಎಂಐಎಸ್ ಇಲ್ಲದೆ ಇ-ಬಿಸಿನೆಸ್ ಇಲ್ಲ ಎಂಬುದಕ್ಕೆ ಕಲಾಸಿಪಾಳ್ಯ, ಮೆಜೆಸ್ಟಿಕ್ಕಿನ ಬಸ್ ಏಜೆಂಟರಿಗಿಂತ ಒಳ್ಳೆಯ ಪಾಠ ವಿದೇಶದ ಪುಸ್ತಕದಲ್ಲಿ ಸಿಗಲಾರದು.

ಪಹಣಿಯ ಪಾಠ

ಭಾರತದಲ್ಲಿ ಕಚೇರಿಗೆ ಕಂಪ್ಯೂಟರ್ ಬಂದದ್ದು ಸುಲಭವಾಗಿ ಅಲ್ಲ. 1960ರ ದಶಕದಲ್ಲಿ ಕಲ್ಕತ್ತೆಯ ಎಲ್‌ಐಸಿ ನೌಕರರು ಯಂತ್ರ ಒಳಗೆ ಬಾರದಂತೆ ಕಚೇರಿಗೆ ಕಾವಲು ಕೂತಿದ್ದರು. ಬ್ಯಾಂಕುಗಳಲ್ಲಿ ದಾರಿ ತೆರೆದದ್ದು 1984ರ ರಂಗರಾಜನ್ ಸಮಿತಿಯ ಶಿಫಾರಸಿನ ಬಳಿಕ. ನಮ್ಮ ವಾಣಿಜ್ಯ ತರಗತಿಗಳಿಗೆ ಎಂಐಎಸ್ ಬಂದಾಗ ಅದರ ಜತೆ ಬಂದದ್ದು ಪುಸ್ತಕ ಮಾತ್ರ. ಜಾವಡೇಕರ್ ಅವರ ಪುಸ್ತಕವನ್ನೋ ಲಾಡನ್ ದಂಪತಿಯ ದಪ್ಪ ಪುಸ್ತಕವನ್ನೋ ಓದಿ ಪರೀಕ್ಷೆ ಬರೆದವರೇ ಹೆಚ್ಚು. ಕಂಪನಿಯಿಂದ ತರಗತಿಗೆ ಬಂದ ಫ್ರಾಂಕ್ ಲ್ಯಾಂಡ್ ಇಲ್ಲಿ ಇರಲಿಲ್ಲ.

ಆದರೂ ಜಗತ್ತಿನ ತರಗತಿಗಳಿಗೆ ಕರ್ನಾಟಕ ಒಂದು ಪಾಠ ಕೊಟ್ಟಿತು. ಅದು ‘ಭೂಮಿ’ ಯೋಜನೆ. ಶಾನುಭೋಗರ ಕಾಲದಿಂದ ಜಮೀನಿನ ದಾಖಲೆ ಊರ ಒಬ್ಬರ ಕೈಯಲ್ಲಿ. ಬೆಳೆಸಾಲಕ್ಕೆ ಪಹಣಿ ಬೇಕು, ಉತ್ತರ ಕರ್ನಾಟಕದವರ ಮಾತಿನಲ್ಲಿ ಉತಾರ. ಗ್ರಾಮ ಲೆಕ್ಕಿಗ ಸಿಕ್ಕಾಗ, ಬರೆದುಕೊಟ್ಟಾಗ, ಕೈ ಬೆಚ್ಚಗೆ ಮಾಡಿದಾಗ. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮೇಲ್ವಿಚಾರಣೆಯಲ್ಲಿ ನಡೆದು, 2002ರ ಹೊತ್ತಿಗೆ 177 ತಾಲ್ಲೂಕುಗಳಲ್ಲೂ 15 ರೂಪಾಯಿಗೆ ಪಹಣಿ ಕೈಗೆ ಸಿಗತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ತೆಗೆದುಹಾಕಿದ್ದು ದಿಟ್ಟ ಹೆಜ್ಜೆ. ಹಳೆಯ ದಾರಿ ತೆರೆದಿಟ್ಟಿದ್ದರೆ ಹೊಸದರಲ್ಲಿ ಯಾರೂ ನಡೆಯುತ್ತಿರಲಿಲ್ಲ. ಇನ್ನೊಂದು ಹೆಜ್ಜೆ ಅದಕ್ಕಿಂತ ಜಾಣತನದ್ದು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಕಟ್ಟಿಹಾಕಿತು. ಒಬ್ಬರ ಅರ್ಜಿಯನ್ನು ಅಡಿಗೆ ತಳ್ಳಿ ಇನ್ನೊಬ್ಬರದನ್ನು ಮೇಲೆತ್ತುವ ಅಧಿಕಾರ ಮೇಜಿನ ಹಿಂದೆ ಕೂತವರ ಕೈತಪ್ಪಿತು. ಅಹಮದಾಬಾದ್ ಐಐಎಂನ ಸುಭಾಷ್ ಭಟ್ನಾಗರ್ ಅವರು ಚಾವ್ಲಾ ಜತೆ ಇದನ್ನು ಪ್ರಕರಣ ಅಧ್ಯಯನವಾಗಿ ಬರೆದರು, ವಿಶ್ವಬ್ಯಾಂಕ್ ಹೊಗಳಿತು, ಇ-ಆಡಳಿತ ಕಲಿಸುವ ತರಗತಿಗಳಲ್ಲಿ ‘ಭೂಮಿ’ ಪರಿಚಿತ ಹೆಸರಾಯಿತು.

2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಲಿನ ಹಳ್ಳಿಗಳನ್ನು ನೋಡಿ ಬರೆದ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಊರೊಳಗೆ ಹಂಚಿಹೋಗಿದ್ದ ದಾಖಲೆ ತಾಲ್ಲೂಕಿನ ಒಂದೇ ಕಡೆ ಸೇರಿದಾಗ ಅದನ್ನು ತಡಕಾಡುವುದು ದೊಡ್ಡ ಕುಳಗಳಿಗೆ ಸಲೀಸಾಯಿತು, ಲಂಚ ನಿಲ್ಲದೆ ಜಾಗ ಬದಲಿಸಿತು, ಸಣ್ಣ ಹಿಡುವಳಿದಾರರ ಪಟ್ಟು ಸಡಿಲವಾಯಿತು ಎಂಬುದು ಅವರ ವಾದ. ಭಟ್ನಾಗರ್-ಚಾವ್ಲಾ ನೋಡಿದ್ದು ಕಿಟಕಿಯ ಮುಂದೆ ಪಹಣಿಗಾಗಿ ನಿಂತ ರೈತನನ್ನು, ಇವರು ನೋಡಿದ್ದು ಮಾರಾಟಕ್ಕೆ ಬಂದ ಸರ್ವೆ ನಂಬರನ್ನು. ಎರಡರಲ್ಲಿ ಒಂದನ್ನು ಮಾತ್ರ ಓದಿಸುವ ಅಧ್ಯಾಪಕರು ಅರ್ಧ ಪಾಠ ಮಾಡಿದ ಹಾಗೆ ಎಂದು ನನಗನ್ನಿಸುತ್ತದೆ. ಪಹಣಿಯ ನಕಲು ಕೊಡುವುದೇ ಬೇರೆ, ಪಹಣಿಯಲ್ಲಿ ಹೆಸರು ಬದಲಿಸುವುದೇ ಬೇರೆ. ಮೊದಲನೆಯದನ್ನು ಕಂಪ್ಯೂಟರ್ ಒಂದೇ ಮಾಡೀತು. ಎರಡನೆಯದಕ್ಕೆ ನೋಟಿಸು, ತಕರಾರಿಗೆ ಒಂದಿಷ್ಟು ದಿನ, ಸ್ಥಳದ ವಿಚಾರಣೆ ಎಲ್ಲ ಬೇಕು. ಸರದಿ ತಪ್ಪಿಸಲಾಗದ ತಂತ್ರಾಂಶ ಆ ವಿಚಾರಣೆಯ ವರದಿ ಬರುವವರೆಗೆ ಸುಮ್ಮನೆ ಕಾಯುತ್ತದೆ. ವ್ಯವಸ್ಥೆಯನ್ನು ಬಿಡಿಸಿ ನೋಡಲು ಹೊರಟ ವಿದ್ಯಾರ್ಥಿ ಶುರುಮಾಡಬೇಕಾದ್ದು ಆ ವರದಿ ಯಾರ ಮೇಜಿನಲ್ಲಿ ಎಷ್ಟು ದಿನ ಇರುತ್ತದೆ ಎಂಬಲ್ಲಿಂದ.